ಮೋಗ್ಲಿ ಮುಗಿದ ಮೇಲೆ

ಬೇಸಿಗೆ ರಜೆಗೆಂದು ಬಂದಿದ್ದ ತಂಗಿಯ ಮಗಳು ಹದಿನೈದೇ ದಿನದಲ್ಲಿ ಮೋಗ್ಲಿಯ 52 ಕಂತುಗಳನ್ನೂ ನೋಡಿ ಮುಗಿಸಿದಳು. ಕೊನೆಯ ಕಂತು ಮುಗಿದ ಸಂಜೆ ಊಟಕ್ಕೆ ಕರೆದರೆ ಏಳಲೊಲ್ಲಳು. 'ಮಾಮಾ, ಇಂಥದ್ದೇ ಇನ್ನೊಂದು ಹಾಕು' ಅಂದಳು. ಇಂಥದ್ದು ಅಂದರೆ ಎಂಥದ್ದು ಎಂದು ಕೇಳಿದ್ದಕ್ಕೆ ಬೆರಳು ಮಡಚಿ ಪಟ್ಟಿ ಕೊಟ್ಟಳು. ಪ್ರಾಣಿಗಳಿರಬೇಕು, ಎಲ್ಲಿಗೋ ದೂರ ಹೊರಟಿರಬೇಕು, ಫೈಟಿಂಗ್ ಇರಬೇಕು. ಆಮೇಲೆ ಸ್ವಲ್ಪ ಸುಮ್ಮನಿದ್ದು, 'ಅದ್ರಲ್ಲಿ ಸತ್ತೋರು ಮತ್ತೆ ಎದ್ದು ಬರ್ತಾರಾ?' ಎಂದು ಕೇಳಿದಳು.

ಒಂಬತ್ತು ವರ್ಷದ ಹುಡುಗಿಯ ಈ ಪ್ರಶ್ನೆ ನನಗೆ ಹಿಡಿಸಿತು. ಅವಳು ಅಲ್ಲಿಯವರೆಗೆ ನೋಡಿದ್ದೆಲ್ಲ ಸತ್ತವರು ಎದ್ದು ಬರುವ ಕಾರ್ಟೂನುಗಳನ್ನೇ. ಟಾಮ್ ಅಂಡ್ ಜೆರ್ರಿಯಲ್ಲಿ ಬೆಕ್ಕಿನ ಮೇಲೆ ಪಿಯಾನೊ ಬೀಳುತ್ತದೆ, ಬೆಕ್ಕು ಚಪಾತಿಯಾಗುತ್ತದೆ, ಮರುಕ್ಷಣ ಮೈ ಕೊಡವಿಕೊಂಡು ಓಡುತ್ತದೆ. ನಗು ಬರುತ್ತದೆ, ನಿಜ. ಆದರೆ ಪೆಟ್ಟೇ ತಾಗದ ಮೇಲೆ ಅಲ್ಲಿ ಧೈರ್ಯಕ್ಕೆ ಏನು ಕೆಲಸ? ಜಪಾನಿನ ಹಳೆಯ ಪ್ರಾಣಿಕಥೆಗಳಲ್ಲಿ ಬಿದ್ದ ಪ್ರಾಣಿ ಏಳುವುದಿಲ್ಲ. ಅವುಗಳ ರುಚಿ ಇರುವುದೂ ಅಲ್ಲೇ, ತಂದೆತಾಯಿಗಳಿಗೆ ಅಳುಕು ಹುಟ್ಟಿಸುವುದೂ ಅದೇ. 'ಇಲ್ಲ ಪುಟ್ಟಿ, ಏಳಲ್ಲ' ಅಂದೆ. 'ಸರಿ, ಹಾಗಾದ್ರೆ ಹಾಕು' ಅಂದಳು.

ನಾನು ಆ ವಯಸ್ಸಿನವನಾಗಿದ್ದಾಗ ಮೋಗ್ಲಿ ಜಪಾನಿನವನು ಎಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 1993ರಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ 'ಜಂಗಲ್ ಬುಕ್' ಹಾಕುತ್ತಿತ್ತು. ಹಾಡು ಗುಲ್ಜಾರ್ ಅವರದು, ರಾಗ ಆಗ ಇನ್ನೂ ಹೆಸರು ಮಾಡಿರದ ವಿಶಾಲ್ ಭಾರದ್ವಾಜ್ ಅವರದು, ಶೇರ್ ಖಾನನ ಗಂಟಲು ನಾನಾ ಪಾಟೇಕರ್ ಅವರದು. ಹಿಂದಿ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಆಗುತ್ತಿರಲಿಲ್ಲ. ಹುಲಿ ಹುಲಿಯೇ ತಾನೇ ಎಂದು ನೋಡುತ್ತಿದ್ದೆವು. ಅದನ್ನು ಮಾಡಿದ್ದು ನಿಪ್ಪಾನ್ ಅನಿಮೇಷನ್ ಎಂಬ ಕಂಪನಿ. 1989ರಿಂದ 90ರವರೆಗೆ ಜಪಾನಿನ ಟೀವಿಯಲ್ಲಿ ಬಂದ ಸರಣಿ ಅದು, ನಿರ್ದೇಶಕ ಫುಮಿಯೊ ಕುರೊಕಾವಾ. ಮಧ್ಯಪ್ರದೇಶದ ಸಿವನಿ ಕಾಡು ಕಿಪ್ಲಿಂಗನ ಪುಸ್ತಕ ಹತ್ತಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಟೋಕಿಯೊ ಸೇರಿ, ಬಣ್ಣ ಬಳಿಸಿಕೊಂಡು, ದೆಹಲಿಯ ಮೇಲೆ ಹಾದು ನಮ್ಮ ಬೀದಿಯ ಮೇಷ್ಟ್ರ ಮನೆಯ ಟೀವಿಗೆ ಬಂದಿತ್ತು. ಮನೆಯ ಹಸು ಊರೆಲ್ಲ ಸುತ್ತಿ ಮನೆಗೇ ಬಂದ ಹಾಗೆ.

ಜಪಾನಿನ ಚಲಿಸುವ ಚಿತ್ರಕ್ಕೆ ಅನಿಮೆ ಅನ್ನುತ್ತಾರೆ, ಅಚ್ಚಾದ ಚಿತ್ರಕಥೆಗೆ ಮಂಗಾ. ಮಂಗಾ ಅಂದಾಗ ನಮ್ಮ ಮನೆಯಲ್ಲಿ ಹೇಗೂ ಒಂದು ಸಲ ನಗೆ ಎದ್ದಿತು. ನಿಮ್ಮಲ್ಲೂ ಏಳುತ್ತದೆ, ಎದ್ದು ಹೋಗಲಿ.

ಪ್ರಾಣಿಗಳ ದಂಡು ಕಟ್ಟಿಕೊಂಡು ದುಷ್ಟರ ಮೇಲೆ ಹೋಗುವ ಕಥೆ ಜಪಾನಿಗೆ ಹೊಸದಲ್ಲ. ಮೊಮೊತಾರೊ ಎಂಬ ಹುಡುಗ ಪೀಚ್ ಹಣ್ಣಿನೊಳಗೆ ಹುಟ್ಟಿ, ನಾಯಿ, ಕೋತಿ, ಫೆಸೆಂಟ್ ಹಕ್ಕಿಗಳನ್ನು ಜತೆ ಮಾಡಿಕೊಂಡು ರಾಕ್ಷಸರ ದ್ವೀಪಕ್ಕೆ ಹೋದ ಅಜ್ಜಿಕಥೆ ಅಲ್ಲಿ ಎಲ್ಲ ಮಕ್ಕಳಿಗೂ ಗೊತ್ತು. ದ್ವೀಪ, ಕೋತಿ, ರಾಕ್ಷಸರು. ನಮಗೆ ಯಾವ ಕಥೆ ನೆನಪಾಗಬೇಕೋ ಅದು ನೆನಪಾಗಿಯೇ ಆಗುತ್ತದೆ. ಜಪಾನಿನ ಮೊದಲ ಪೂರ್ಣಾವಧಿ ಅನಿಮೆ ಚಿತ್ರವೂ ಇವನದೇ, 1945ರದು. ಆದರೆ ಅದಕ್ಕೆ ಹಣ ಹಾಕಿದ್ದು ನೌಕಾಪಡೆ. ಮುದ್ದಾದ ಮೊಲ, ಕರಡಿ, ಕೋತಿಗಳು ಸಮವಸ್ತ್ರ ತೊಟ್ಟು ಪ್ಯಾರಾಶೂಟಿನಲ್ಲಿ ಇಳಿಯುತ್ತವೆ, ದಕ್ಷಿಣದ ದ್ವೀಪದ ಪ್ರಾಣಿಗಳಿಗೆ ಹಾಡು ಹೇಳಿಸಿ ಜಪಾನಿ ಅಕ್ಷರಮಾಲೆ ಕಲಿಸುತ್ತವೆ. ಯುದ್ಧದ ಪ್ರಚಾರ ಎಷ್ಟು ಚೆಂದ ಕಾಣಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ನೋಡಿಲ್ಲ. ಮಗುವಿಗೆ ತೋರಿಸಬೇಡಿ, ನೀವು ನೋಡಿ.

ಆ ಚಿತ್ರವನ್ನು 1945ರ ಏಪ್ರಿಲ್‌ನಲ್ಲಿ, ಬಾಂಬಿಗೆ ಸುಟ್ಟ ಒಸಾಕಾ ನಗರದ ಥಿಯೇಟರೊಂದರಲ್ಲಿ ಕೂತು ನೋಡಿ ಕಣ್ಣೀರು ಹಾಕಿದ ಹುಡುಗನೊಬ್ಬನಿದ್ದ. ಹೆಸರು ಒಸಾಮು ತೆಜುಕಾ, ವಯಸ್ಸು 16. ಯುದ್ಧ ಅವನಿಗೆ ಬೇಕಿರಲಿಲ್ಲ, ಆ ಚಿತ್ರಗಳು ಬೇಕಿದ್ದವು. ಮುಂದೆ ವೈದ್ಯಕೀಯ ಓದಿದರೂ ಸ್ಟೆತಸ್ಕೋಪು ಬಿಟ್ಟು ಕುಂಚ ಹಿಡಿದ. 1950ರಿಂದ 54ರವರೆಗೆ ಅವರು ಬರೆದ ಮಂಗಾ 'ಜಂಗಲ್ ಎಂಪರರ್'. ಅದೇ 1965ರ ಅಕ್ಟೋಬರಿನಲ್ಲಿ ಜಪಾನಿನ ಮೊದಲ ಬಣ್ಣದ ದೀರ್ಘ ಟೀವಿ ಅನಿಮೆಯಾಯಿತು. ಬಿಳಿ ಸಿಂಹದ ಮರಿ ಲಿಯೋ ಅದರ ನಾಯಕ. ಇಂಗ್ಲಿಷಿನಲ್ಲಿ ನೋಡುವವರಿಗೆ ಅವನು ಕಿಂಬಾ. ಮೋಗ್ಲಿ ಮುಗಿಸಿದ ಮಗುವಿಗೆ ನಾನು ಮೊದಲು ಹಾಕಿಕೊಟ್ಟದ್ದು ಇದನ್ನೇ.

ಮೊದಲ ಕಂತಿನಲ್ಲೇ ಅಪ್ಪ ಸಿಂಹ ಬೇಟೆಗಾರರ ಗುಂಡಿಗೆ ಬೀಳುತ್ತದೆ. ಬಸುರಿ ತಾಯಿಯನ್ನು ಬೋನಿಗೆ ಹಾಕಿ ಹಡಗು ಹತ್ತಿಸುತ್ತಾರೆ, ಮರಿ ಹುಟ್ಟುವುದು ಸಮುದ್ರದ ನಡುವೆ. ನೀನು ಬೋನಿನ ಕಂಬಿಯಲ್ಲಿ ತೂರುತ್ತೀಯ, ನಾನು ತೂರುವುದಿಲ್ಲ, ಹೋಗು ಎಂದು ತಾಯಿ ಅವನನ್ನು ನೀರಿಗೆ ದೂಡುತ್ತಾಳೆ. ಬಿರುಗಾಳಿಗೆ ಹಡಗು ಮುಳುಗುತ್ತದೆ. ಈಜಿ ಈಜಿ ಸೋತ ಮರಿಗೆ ಆಕಾಶದ ನಕ್ಷತ್ರಗಳೆಲ್ಲ ಕೂಡಿ ತಾಯಿಯ ಮುಖವಾಗಿ ಕಾಣುತ್ತವೆ. ಇಷ್ಟು ಹೊತ್ತಿಗೆ ನಮ್ಮ ಹುಡುಗಿ ದಿಂಬನ್ನು ಅವುಚಿಕೊಂಡಿದ್ದಳು. ನಾನು ಕನ್ನಡಕ ಒರೆಸುವ ನೆಪದಲ್ಲಿದ್ದೆ.

ಆಮೇಲೆ ಬರುವುದು ಇನ್ನೂ ಚೆನ್ನಾಗಿದೆ. ಕಾಡಿಗೆ ಮರಳಿದ ಲಿಯೋ ಪ್ರಾಣಿಗಳೆಲ್ಲ ಜಗಳವಿಲ್ಲದೆ ಬಾಳಬೇಕು ಅನ್ನುತ್ತಾನೆ. ಹಾಗಾದರೆ ಮಾಂಸ ತಿನ್ನುವವರು ಏನು ತಿನ್ನಬೇಕು? ಬೇರೆ ಯಾರಾದರೂ ಆಗಿದ್ದರೆ ಈ ಪ್ರಶ್ನೆಯನ್ನು ಚಾಪೆಯ ಕೆಳಗೆ ತಳ್ಳುತ್ತಿದ್ದರು. ತೆಜುಕಾ ಬಿಡುವುದಿಲ್ಲ. ಪ್ರಾಣಿಗಳು ಹೊಲ ಮಾಡುತ್ತವೆ, ಹಸಿದ ಚಿರತೆಗಳು ಗೊಣಗುತ್ತವೆ, ಒಳ್ಳೆಯ ರಾಜನ ಹತ್ತಿರವೂ ಉತ್ತರವಿಲ್ಲದ ದಿನಗಳು ಬರುತ್ತವೆ. ಮೊಮೊತಾರೊ ಚಿತ್ರದ ಆ ಅಕ್ಷರಮಾಲೆಯ ಹಾಡಿನ ನೆನಪಿನಲ್ಲಿ ತೆಜುಕಾ ತಮ್ಮ ಕಾಡಿನ ಪ್ರಾಣಿಗಳಿಂದಲೂ ಒಟ್ಟಿಗೆ ಹಾಡಿಸಿದ್ದಾರೆ. ಅಲ್ಲಿ ಆಳಲು ಬಂದವರು ಕಲಿಸಿದ ಹಾಡು, ಇಲ್ಲಿ ಕಾಡಿನವರೇ ಕಟ್ಟಿಕೊಂಡದ್ದು.

ಅಮೆರಿಕದ ಎನ್‌ಬಿಸಿ ಈ ಸರಣಿಯನ್ನು ಕೊಂಡಿತ್ತು. ಕೊಳ್ಳುವವರಿಗೆ ಮರಿ ಮರಿಯಾಗಿಯೇ ಇರಬೇಕಿತ್ತು, ಬೆಳೆಯಬಾರದು. ಹಾಗಾಗಿ ದೊಡ್ಡವನಾದ ಲಿಯೋನನ್ನು ತೆಜುಕಾ 1966ರ ಇನ್ನೊಂದು ಸರಣಿಗೆ ಇಟ್ಟುಕೊಂಡರು. ಮಂಗಾದ ಕೊನೆಯಂತೂ ಯಾವ ಟೀವಿ ಕಂಪನಿಯೂ ಆಗ ಒಪ್ಪುವಂಥದ್ದಲ್ಲ. ಹಿಮದ ಬೆಟ್ಟದಲ್ಲಿ ಸಿಕ್ಕಿಬಿದ್ದ ಮನುಷ್ಯನೊಬ್ಬ ಬದುಕಲಿ ಎಂದು ಲಿಯೋ ತನ್ನ ಮಾಂಸವನ್ನೂ ತೊಗಲನ್ನೂ ಅವನಿಗೆ ಬಿಟ್ಟು ಸಾಯುತ್ತಾನೆ. ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಜಾತಕ ಕಥೆಯ ಮೊಲ. ಅತಿಥಿಗೆ ಕೊಡಲು ಏನೂ ಇಲ್ಲವೆಂದು ತಾನೇ ಬೆಂಕಿಗೆ ಹಾರಿದ ಆ ಮೊಲವನ್ನೇ ತಾನೇ ನಾವು ಹುಣ್ಣಿಮೆಯ ಚಂದ್ರನಲ್ಲಿ ಮಕ್ಕಳಿಗೆ ತೋರಿಸುವುದು? ಇದು ನನ್ನ ಹೆಣಿಗೆಯಲ್ಲ. ತೆಜುಕಾ 1972ರಲ್ಲಿ 'ಬುದ್ಧ' ಎಂಬ ದೊಡ್ಡ ಮಂಗಾ ಶುರುಮಾಡಿದಾಗ ಅದರ ಬಾಗಿಲಿನಲ್ಲೇ ಕೂರಿಸಿದ್ದು ಆ ಮೊಲವನ್ನು.

1994ರಲ್ಲಿ ಡಿಸ್ನಿಯ 'ಲಯನ್ ಕಿಂಗ್' ಬಂದಾಗ ಜಪಾನಿನ ಮಂಗಾ ಬರಹಗಾರರು ಸಹಿ ಹಾಕಿ ಡಿಸ್ನಿಗೆ ಪತ್ರ ಬರೆದರು. ನಮ್ಮ ಲಿಯೋನ ಋಣವನ್ನು ಒಪ್ಪಿಕೊಳ್ಳಿ ಎಂದು. ಡಿಸ್ನಿ ಒಪ್ಪಲಿಲ್ಲ, ತೆಜುಕಾ ಕಂಪನಿ ಮೊಕದ್ದಮೆ ಹೂಡಲಿಲ್ಲ. ತೆಜುಕಾ ಆ ಹೊತ್ತಿಗೆ ತೀರಿಕೊಂಡು ಐದು ವರ್ಷವಾಗಿತ್ತು. ಡಿಸ್ನಿಯ 'ಬ್ಯಾಂಬಿ'ಯನ್ನು ಲೆಕ್ಕವಿಲ್ಲದಷ್ಟು ಸಲ ನೋಡಿ, ಅದರ ಮೋಹಕ್ಕೆ ಬಿದ್ದ ಮನುಷ್ಯ ಅವರು. ಬದುಕಿದ್ದರೆ ಏನು ಹೇಳುತ್ತಿದ್ದರೋ. ಎರಡನ್ನೂ ನೋಡಿ ನೀವೇ ತೀರ್ಮಾನಿಸಿ. ನನ್ನ ಮತ ಬಿಳಿ ಸಿಂಹಕ್ಕೆ.

ಹಳೆಯ ಅನಿಮೆ ನೋಡುವ ಇಂದಿನ ಮಕ್ಕಳು ಒಂದು ದೂರು ಹೇಳುತ್ತಾರೆ: 'ಇದು ಸರಿಯಾಗಿ ಅಲ್ಲಾಡಲ್ಲ.' ದೂರು ನಿಜ. ಸಿನಿಮಾದ ರೀಲಿನಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಡಿಸ್ನಿಯವರು ಅದಕ್ಕೆ ಹನ್ನೆರಡೋ ಇಪ್ಪತ್ತನಾಲ್ಕೋ ಚಿತ್ರ ಬರೆಯುತ್ತಿದ್ದರು. ತೆಜುಕಾ ವಾರಕ್ಕೊಂದು ಕಂತು ಕೊಡಬೇಕಿತ್ತು, ದುಡ್ಡು ಕಡಿಮೆ. ಹಾಗಾಗಿ ಒಂದೇ ಚಿತ್ರವನ್ನು ಮೂರು ಚೌಕಟ್ಟಿಗೆ ನಿಲ್ಲಿಸಿ, ಸೆಕೆಂಡಿಗೆ ಎಂಟು ಚಿತ್ರದಲ್ಲಿ ಮುಗಿಸಿದರು. ಮಾತಾಡುವಾಗ ಬಾಯಿ ಮಾತ್ರ ಅಲ್ಲಾಡುತ್ತದೆ. ನಾಲ್ಕು ಕಾಲಿನ ಪ್ರಾಣಿಯ ಓಟ ಬರೆಯುವುದು ಎರಡು ಕಾಲಿನವರ ಓಟಕ್ಕಿಂತ ತುಂಬ ಕಷ್ಟ. ಒಮ್ಮೆ ಬರೆದ ಓಟವನ್ನು ಜೋಪಾನ ಮಾಡಿ ಮುಂದಿನ ಕಂತಿಗೂ, ಅದರ ಮುಂದಿನದಕ್ಕೂ ಬಳಸುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರೇ 'ಬ್ಯಾಂಕ್'. ನೆನ್ನೆಯ ಅನ್ನಕ್ಕೆ ಇಂದು ಒಗ್ಗರಣೆ ಹಾಕಿದ ಹಾಗೆ. ಒಗ್ಗರಣೆ ಚೆನ್ನಾಗಿದ್ದರೆ ಚಿತ್ರಾನ್ನ ಆಗುತ್ತದೆ.

ಆ ಚಿತ್ರಾನ್ನದ ಬಾಣಸಿಗ ಅಂದರೆ ಒಸಾಮು ದೆಜಾಕಿ. ಅವರು 1975ರಲ್ಲಿ ಮಾಡಿದ 'ಗಂಬಾನ ಸಾಹಸ' ನನ್ನ ಈ ಬರಹಕ್ಕೆಲ್ಲ ಕಾರಣ. ಇಡೀ ಪಟ್ಟಿಯಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. 26 ಕಂತು, ಬರೀ ಇಲಿಗಳ ಕಥೆ. ಅತ್ಸುಒ ಸೈತೊ 1972ರಲ್ಲಿ ಬರೆದ ಮಕ್ಕಳ ಕಾದಂಬರಿ ಇದಕ್ಕೆ ಮೂಲ. ಊರೊಳಗಿನ ಇಲಿ ಗಂಬಾ, ಸಮುದ್ರ ನೋಡಬೇಕೆಂದು ಗೆಳೆಯ ಬೋಬೊನ ಜತೆ ಬಂದರಿಗೆ ಬರುತ್ತಾನೆ. ಅಲ್ಲಿ ಹಡಗಿನ ಇಲಿಗಳ ಔತಣ ನಡೆದಿರುತ್ತದೆ. ಅದರ ನಡುವೆ ಮೈಯೆಲ್ಲ ಗಾಯವಾದ ಪುಟ್ಟ ಇಲಿಯೊಂದು ಬಂದು ಬೀಳುತ್ತದೆ. ನಮ್ಮ ದ್ವೀಪದಲ್ಲಿ ನಮ್ಮವರನ್ನೆಲ್ಲ ಕೊಲ್ಲುತ್ತಿದ್ದಾರೆ, ಯಾರಾದರೂ ಬನ್ನಿ ಎನ್ನುತ್ತದೆ. ನೆರೆದ ಶೂರರೆಲ್ಲ ತೋಳು ತಟ್ಟುತ್ತಾರೆ. ಕೊಲ್ಲುತ್ತಿರುವವನು ಯಾರು ಎಂದು ಕೇಳುತ್ತಾರೆ. 'ನೊರೊಯಿ' ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ತೋಳು ತಟ್ಟಿದವರ ಬಾಲವೂ ಕಾಣದು.

ನೊರೊಯಿ ಅಂದರೆ ಜಪಾನಿಯಲ್ಲಿ ಶಾಪ. ಅವನು ಬಿಳಿ ವೀಸಲ್. ಮುಂಗುಸಿಯ ಹಾಗೆ ಉದ್ದ ಮೈ, ಗಿಡ್ಡ ಕಾಲಿನ ಬೇಟೆಗಾರ ಪ್ರಾಣಿ. ನಮ್ಮ ಪಂಚತಂತ್ರದ ಮುಂಗುಸಿ ತೊಟ್ಟಿಲ ಮಗುವನ್ನು ಹಾವಿನಿಂದ ಕಾಯುತ್ತದೆ, ಪಾಪ ಬಾಯಿಯ ರಕ್ತ ನೋಡಿ ಮನೆಯವರೇ ಅದನ್ನು ಕೊಲ್ಲುತ್ತಾರೆ. ಇಲ್ಲಿಯದು ಬೇರೆ. ಇವನು ಸುಂದರ. ನೋಡುತ್ತ ನಿಂತವರು ಓಡುವುದನ್ನು ಮರೆಯುವಷ್ಟು ಸುಂದರ. ಖಳನನ್ನು ಕುರೂಪಿ ಮಾಡುವ ಸುಲಭದ ದಾರಿ ಬಿಟ್ಟದ್ದೇ ದೆಜಾಕಿಯ ಜಾಣ್ಮೆ. ಕಡೆಗೂ ಹೊರಡುವವರು ಏಳು ಇಲಿಗಳು. ಗಂಬಾನ ಜತೆಗೆ ಒಬ್ಬ ಹಡಗಿನ ಕಟ್ಟಾಳು, ಒಬ್ಬ ಪಂಡಿತ, ದಾಳ ಉರುಳಿಸುವ ಒಬ್ಬ ಜೂಜುಗಾರ, ಒಬ್ಬ ಕವಿ, ಹೊಟ್ಟೆಬಾಕ ಬೋಬೊ, ದಾರಿ ತೋರಿಸುವ ಗಾಯದ ಮರಿ. ಇವರಲ್ಲಿ ಯಾರೂ ಭಯ ಇಲ್ಲದವರಲ್ಲ. ಇಡೀ ಸರಣಿಯಲ್ಲಿ ಕ್ಯಾಮೆರಾ ಇಲಿಯ ಎತ್ತರದಲ್ಲೇ ಕೂರುತ್ತದೆ. ಹುಲ್ಲು ಕಾಡಾಗುತ್ತದೆ, ಕಾಲುವೆ ಹೊಳೆಯಾಗುತ್ತದೆ. ಓಟದ ನಡುವೆ ಫಕ್ಕನೆ ದೃಶ್ಯ ನಿಂತು, ಬಣ್ಣ ಬಳಿದ ಒಂದೇ ಚಿತ್ರವಾಗಿ ಮಿನುಗುತ್ತದೆ. ದುಡ್ಡು ಉಳಿಸಲು ಹುಟ್ಟಿದ ನಿಲುಗಡೆ ದೆಜಾಕಿಯ ಕೈಯಲ್ಲಿ ಉಸಿರು ಹಿಡಿಯುವ ಗಳಿಗೆಯಾಯಿತು. ಇಂದಿಗೂ ಜಪಾನಿನಲ್ಲಿ ಅದನ್ನು ಅವರ ಸಹಿ ಎಂದೇ ಗುರುತಿಸುತ್ತಾರೆ.

ತೊಂದರೆ ಒಂದೇ: ಇದು ಕನ್ನಡದಲ್ಲಿ ಇಲ್ಲ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದುವ ವೇಗ ಒಂಬತ್ತರ ಮಗುವಿಗೆ ಇರುವುದಿಲ್ಲ. ಅದಕ್ಕೆ ಜಪಾನಿನವರಿಂದಲೇ ಒಂದು ಉಪಾಯ ಎರವಲು ತಂದೆ. ಮೂಕಿಚಿತ್ರಗಳ ಕಾಲದಲ್ಲಿ ಅಲ್ಲಿನ ಥಿಯೇಟರುಗಳಲ್ಲಿ ಪರದೆಯ ಪಕ್ಕ ಬೆನ್ಶಿ ಎಂಬುವನು ನಿಲ್ಲುತ್ತಿದ್ದ. ಪಾತ್ರಗಳ ಮಾತನ್ನೆಲ್ಲ ಅವನೇ ಆಡಿ, ಅಳುವಲ್ಲಿ ಅತ್ತು, ಕಥೆ ಹೇಳುತ್ತಿದ್ದ. ನಟರಿಗಿಂತ ಹೆಸರುವಾಸಿಯಾದ ಬೆನ್ಶಿಗಳೂ ಇದ್ದರಂತೆ. ಹರಿಕಥೆ, ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದೇನು ಕಷ್ಟದ ಕೆಲಸ? ರಿಮೋಟು ಹಿಡಿದು ಕೂತೆ. ಜೂಜುಗಾರ ಇಲಿಗೆ ನಮ್ಮೂರ ಸಂತೆಯ ದನಿ ಕೊಟ್ಟೆ, ಪಂಡಿತನಿಗೆ ನನ್ನ ಹಳೆಯ ಗಣಿತದ ಮೇಷ್ಟ್ರ ಗೊಗ್ಗರು ಗಂಟಲು. ನೊರೊಯಿಗೆ ಮಾತ್ರ ಪಿಸುದನಿ. ಅಡುಗೆಮನೆಯಲ್ಲಿದ್ದ ತಂಗಿ ಕೈ ಒರೆಸಿಕೊಂಡು ಬಂದು ನಿಂತವಳು ಅಲ್ಲೇ ಕೂತಳು.

ಇಲಿಗಳಿಂದ ನಾಯಿಗಳಿಗೆ ಬಂದರೆ ವಯಸ್ಸಿನ ಗೆರೆ ಎಳೆಯಬೇಕಾಗುತ್ತದೆ. 'ಗಿಂಗಾ ನಾಗರೆಬೊಶಿ ಗಿನ್' 1986ರ ಸರಣಿ, 21 ಕಂತು. ಗಿನ್ ಅಂದರೆ ಬೆಳ್ಳಿ. ಬೆಳ್ಳಿ ಬಣ್ಣದ ಮೈಮೇಲೆ ಹುಲಿಪಟ್ಟೆ ಇರುವ ಅಕಿತಾ ತಳಿಯ ನಾಯಿಮರಿ. ಸತ್ತ ಯಜಮಾನನಿಗಾಗಿ ಶಿಬುಯಾ ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಕಾದ ಹಚಿಕೊ ಇದೇ ತಳಿಯವನು. ಆದರೆ ಗಿನ್ ಕಾಯುವವನಲ್ಲ, ಹೊರಡುವವನು. ಅಕಾಕಬುತೊ ಎಂಬ ದೈತ್ಯ ಕರಡಿಗೆ ಗುಂಡೇಟಿನಿಂದ ಮಿದುಳಿಗೆ ಪೆಟ್ಟಾಗಿ ಚಳಿಗಾಲದ ನಿದ್ದೆಯೇ ಹೋಗಿಬಿಟ್ಟಿದೆ, ವರ್ಷವಿಡೀ ಬೆಟ್ಟದಲ್ಲಿ ಅದರದೇ ಹಾವಳಿ. ಅಪ್ಪ ನಾಯಿ ಆ ಕರಡಿಯ ಜತೆ ಹೋರಾಡಿ ಕಂದಕಕ್ಕೆ ಬಿದ್ದಿದೆ. ಮರಿ ದೊಡ್ಡದಾಗಿ ಸಾಕಿದ ಮನೆ ಬಿಟ್ಟು, ಕಾಡುನಾಯಿಗಳ ಪಡೆ ಸೇರಿ, ಜಪಾನಿನ ಉದ್ದಗಲ ಸುತ್ತಿ ಗಂಡೆದೆಯ ನಾಯಿಗಳನ್ನು ಕೂಡಿಸುತ್ತದೆ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್, ತೊಸಾ, ನಿಂಜಾ ವಿದ್ಯೆ ಬಲ್ಲ ನಾಯಿಗಳು, ಎಲ್ಲವೂ ಇವೆ. ತರ್ಕ ಕೇಳಬೇಡಿ. ನಾಯಿಗಳು ಗಾಳಿಯಲ್ಲಿ ಚಕ್ರದಂತೆ ತಿರುಗಿ ಕರಡಿಯನ್ನು ಕೊಯ್ಯುವಾಗ ನಮ್ಮ ಬಯಲಾಟದ ವೇಷಗಳ ಗಿರಕಿ ನೆನಪಾಗುತ್ತದೆ, ಅಷ್ಟೇ.

ಮಂಗಾ ಬರೆದ ಯೊಶಿಹಿರೊ ತಕಹಾಶಿ ಅಕಿತಾ ಸೀಮೆಯವರೇ. ಆದರೆ ಗಿನ್‌ಗೆ ಎರಡನೇ ತವರೂರು ಸಿಕ್ಕಿದ್ದು ಜಪಾನಿನಿಂದ ಬಹು ದೂರದ ಫಿನ್‌ಲ್ಯಾಂಡಿನಲ್ಲಿ. ರಕ್ತದ ದೃಶ್ಯಗಳಿಗೆ ಕತ್ತರಿ ಹಾಕಿ, ಮಕ್ಕಳ ವಿಡಿಯೊ ಕ್ಯಾಸೆಟ್ಟೆಂದು ಅಲ್ಲಿ ಮಾರಿದರು. ಕತ್ತರಿಸಿದ ಮೇಲೂ ಉಳಿದದ್ದು ಅಲ್ಲಿನ ಮಕ್ಕಳಿಗೆ ಸಾಕಾಯಿತು. ನಮಗೆ ಮೋಗ್ಲಿ ಹೇಗೋ ಆ ತಲೆಮಾರಿನ ಫಿನ್ನರಿಗೆ ಗಿನ್ ಹಾಗೆ. ದೊಡ್ಡವರಾದ ಮೇಲೆ ಕತ್ತರಿಯಿಲ್ಲದ ಆವೃತ್ತಿ ಹುಡುಕಿ ನೋಡಿದರು, ತಕಹಾಶಿಯನ್ನು ಊರಿಗೆ ಕರೆಸಿಕೊಂಡರು. ಇರಲಿ, ಹನ್ನೆರಡು ದಾಟದ ಮಕ್ಕಳಿಗೆ ಇದು ಬೇಡ. ಕರಡಿಯ ಹೊಡೆತ ಒಂದೊಂದೂ ಕಾಣುತ್ತದೆ, ಕೇಳುತ್ತದೆ.

ಇನ್ನೊಂದಿದೆ, ಇದಕ್ಕೆ ವಯಸ್ಸು ಹೇಳುವುದು ಕಷ್ಟ. 'ಚಿರಿನ್‌ನ ಗಂಟೆ', 1978ರ ಚಿತ್ರ, ಮುಕ್ಕಾಲು ಗಂಟೆಯದು. ಮಾಡಿದವರು ಹಲೋ ಕಿಟ್ಟಿ ಖ್ಯಾತಿಯ ಸಾನ್ರಿಯೊ ಕಂಪನಿಯವರು ಎಂದರೆ ನಂಬುವುದು ಕಷ್ಟ. ಕಥೆ ಬರೆದವರು ತಕಾಶಿ ಯನಾಸೆ, ಯುದ್ಧದಲ್ಲಿ ಸೈನಿಕರಾಗಿ ಚೀನಾಕ್ಕೆ ಹೋಗಿ ಬಂದವರು. ಕುತ್ತಿಗೆಗೆ ಗಂಟೆ ಕಟ್ಟಿಕೊಂಡ ಕುರಿಮರಿ ಚಿರಿನ್. ತೋಳ ಬಂದ ರಾತ್ರಿ ತಾಯಿ ಅವನ ಮೇಲೆ ಮಲಗಿ ತಾನು ಸಾಯುತ್ತಾಳೆ. ಕುರಿಗಳಿಗೆ ಸಾಯುವುದೊಂದೇ ಗತಿಯೇ ಎಂದು ಸಿಟ್ಟಾದ ಮರಿ ಸೀದಾ ತೋಳನ ಬಳಿಗೆ ಹೋಗಿ ನನ್ನನ್ನು ತೋಳ ಮಾಡು ಎನ್ನುತ್ತದೆ. ತೋಳ ಮೊದಲು ನಗುತ್ತದೆ, ಆಮೇಲೆ ಕಲಿಸುತ್ತದೆ. ವರ್ಷಗಳು ಕಳೆದು ಮರಿ ಕುರಿಯೂ ಅಲ್ಲದ ತೋಳವೂ ಅಲ್ಲದ ಕೊಂಬಿನ ಮೃಗವಾಗುತ್ತದೆ. ಒಂದು ರಾತ್ರಿ ಗುರು ಶಿಷ್ಯರು ದಾಳಿಗೆ ಹೋಗುವುದು ಅವನೇ ಹುಟ್ಟಿದ ಕೊಟ್ಟಿಗೆಗೆ. ಅಲ್ಲೊಬ್ಬಳು ತಾಯಿ ತನ್ನ ಮರಿಯ ಮೇಲೆ ಮಲಗಿದ್ದಾಳೆ. ಚಿರಿನ್ ತಿರುಗಿ ತೋಳನನ್ನೇ ಇರಿಯುತ್ತಾನೆ. ಎಂದಾದರೂ ಹೀಗೆ ಸಾಯುತ್ತೇನೆಂದು ಗೊತ್ತಿತ್ತು, ನಿನ್ನಿಂದ ಆದದ್ದು ಸಂತೋಷ ಎಂದು ತೋಳ ಕಣ್ಣು ಮುಚ್ಚುತ್ತದೆ. ಉಳಿಸಿದ ಕುರಿಗಳು ಅವನನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತವೆ. ಹೋಗಲು ಕೊಟ್ಟಿಗೆ ಇಲ್ಲ, ಬೆಟ್ಟದಲ್ಲಿ ತೋಳವೂ ಇಲ್ಲ.

ಗೋವಿನ ಹಾಡು ಕೇಳಿ ಬೆಳೆದವರನ್ನು ಇದು ಬೇರೆಯದೇ ರೀತಿಯಲ್ಲಿ ಅಲ್ಲಾಡಿಸುತ್ತದೆ. ಪುಣ್ಯಕೋಟಿಯ ಸತ್ಯಕ್ಕೆ ಹುಲಿಯ ಎದೆ ಒಡೆಯುತ್ತದೆ, ಹಸು ಕೊಟ್ಟಿಗೆಗೆ ಮರಳುತ್ತದೆ. ಯನಾಸೆಯ ಲೋಕದಲ್ಲಿ ಹುಲಿ ಕರಗುವುದಿಲ್ಲ, ಕರು ಹುಲಿಯಾಗುತ್ತದೆ. ಸೇಡು ತೀರಿದ ಮೇಲೆ ಕೈಯಲ್ಲಿ ಏನು ಉಳಿಯಿತು ಎಂದು ಮಕ್ಕಳ ಚಿತ್ರವೊಂದು ಇಷ್ಟು ನೇರವಾಗಿ ಕೇಳಿದ್ದನ್ನು ನಾನು ಕಂಡಿಲ್ಲ. ಮಗುವಿನ ಜತೆ ನೋಡುವ ಮೊದಲು ನೀವೊಬ್ಬರೇ ಒಮ್ಮೆ ನೋಡಿ. ನಾನು ನಮ್ಮ ಹುಡುಗಿಗೆ ಇನ್ನೂ ತೋರಿಸಿಲ್ಲ.

ಇಷ್ಟೆಲ್ಲ ಸಾವು ನೋವು ಬೇಡ ಎನ್ನುವ ಮನೆಯವರಿಗೆ 1977ರ 'ರಾಸ್ಕಲ್' ಇದೆ; ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರಕೂನ್ ಮರಿ ಸಾಕಿದ ಹುಡುಗನ ಕಥೆ, ಲೇಖಕ ಸ್ಟರ್ಲಿಂಗ್ ನಾರ್ತ್‌ನ ಬಾಲ್ಯದ ನೆನಪು. ಮುದ್ದಾದ ಸರಣಿ. ಅದು ಮುದ್ದಾಗಿದ್ದೇ ಅನಾಹುತವಾಯಿತು. ನೋಡಿದ ಮಕ್ಕಳೆಲ್ಲ ರಕೂನ್ ಬೇಕೆಂದು ಹಟ ಹಿಡಿದರು, ವಿದೇಶದಿಂದ ಮರಿಗಳು ಬಂದವು. ಬೆಳೆದ ರಕೂನ್ ಕಚ್ಚುತ್ತದೆ, ಪರಚುತ್ತದೆ, ಬಾಗಿಲು ತೆಗೆಯಲು ಕಲಿಯುತ್ತದೆ. ಸರಣಿಯ ಹುಡುಗ ಕೊನೆಗೆ ಕಾಡಿಗೆ ಬಿಟ್ಟ ಹಾಗೆ ಇವರೂ ಬಿಟ್ಟರು. ಜಪಾನಿನ ಕಾಡಿಗೆ ಆ ಪ್ರಾಣಿ ಹೊಸದು. ಇಂದು ಅವು ಅಲ್ಲಿ ಹೊಲದ ಜೋಳ, ಕಲ್ಲಂಗಡಿ ತಿಂದು, ಹಳೆಯ ದೇವಾಲಯಗಳ ಮರದ ಕಂಬ ಗೀರುತ್ತಿವೆ; ಪರದೇಶದ ಪ್ರಾಣಿಗಳ ಮೇಲೆ 2005ರಲ್ಲಿ ಜಾರಿಯಾದ ಕಾನೂನಿನಲ್ಲಿ ರಕೂನ್ ಕೂಡ ಸೇರಿದೆ. ಕೊನೆಯ ಕಂತು ಏನು ಹೇಳಿತು ಎನ್ನುವುದನ್ನು ಯಾರೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಗಿಣಿ, ನಕ್ಷತ್ರ ಆಮೆ ಸಾಕುವುದು ಅಪರಾಧವೆಂದು ಗೊತ್ತಿದ್ದೂ ಪಂಜರ ತೂಗುಹಾಕುವ ನಾವು ಅವರನ್ನು ನೋಡಿ ನಗುವ ಹಾಗಿಲ್ಲ.

1994ರ 'ಪೊಂಪೊಕೊ' ಬಗ್ಗೆ ಎರಡೇ ಮಾತು. ಟೋಕಿಯೊ ಅಂಚಿನ ತಮಾ ಗುಡ್ಡಗಳನ್ನು ಕಡಿದು ಬಡಾವಣೆ ಮಾಡುವವರ ವಿರುದ್ಧ ತನುಕಿಗಳೆಂಬ ನರಿಯಂಥ ಪ್ರಾಣಿಗಳು ನಡೆಸುವ, ಸೋಲುವ ಯುದ್ಧ ಅದು. ಬೆಂಗಳೂರಿನ ಅಂಚಿನಲ್ಲಿ ನಿವೇಶನ ಕೊಂಡವರು ನೋಡಲೇಬೇಕು. ಗಂಡು ತನುಕಿಗಳ ದೇಹದ ಒಂದು ಭಾಗದ ಬಗ್ಗೆ ಜಪಾನಿನ ಜನಪದ ಇಟ್ಟುಕೊಂಡಿರುವ ಹಾಸ್ಯ ಚಿತ್ರದ ತುಂಬ ಇದೆ; ಅತ್ತೆಮಾವಂದಿರ ಜತೆ ಕೂತು ನೋಡುವುದು ಬೇಡ.

ಹುಡುಗಿ ಊರಿಗೆ ಹೊರಡುವ ಹಿಂದಿನ ದಿನ ಕೊನೆಯದಾಗಿ ಒಂದು ಹಾಕಿದೆ. ಯುಗೊ ಸಾಕೊ ಎಂಬ ಜಪಾನಿ ಸಾಕ್ಷ್ಯಚಿತ್ರಕಾರ 1983ರಲ್ಲಿ ಉತ್ತರಪ್ರದೇಶದ ಉತ್ಖನನದ ಚಿತ್ರೀಕರಣಕ್ಕೆ ಬಂದವರು ರಾಮಾಯಣಕ್ಕೆ ಮನಸೋತರು. ಸಿಕ್ಕ ಜಪಾನಿ ಅನುವಾದಗಳನ್ನೆಲ್ಲ ಓದಿ ಅನಿಮೆ ಮಾಡಲು ಹೊರಟರು. ದೇವರನ್ನು ಕಾರ್ಟೂನು ಮಾಡುವುದೇ ಎಂದು ಇಲ್ಲಿ ಆಕ್ಷೇಪ ಎದ್ದಿತು, ಸರ್ಕಾರ ಕೈಜೋಡಿಸಲಿಲ್ಲ. ಚಿತ್ರ ಜಪಾನಿನಲ್ಲೇ ತಯಾರಾಯಿತು. ನಿರ್ದೇಶನದಲ್ಲಿ ಕೊಇಚಿ ಸಸಾಕಿ ಅವರ ಜತೆಗೆ ನಮ್ಮ ರಾಮ್ ಮೋಹನ್ ಇದ್ದರು, ಸಂಗೀತ ವನರಾಜ್ ಭಾಟಿಯಾ ಅವರದು, ಹಾಡುಗಳು ಸಂಸ್ಕೃತದಲ್ಲಿ. ಸಿದ್ಧವಾದದ್ದು 1992ರಲ್ಲಿ, ಅಯೋಧ್ಯೆಯ ಬಿಸಿಯ ನಡುವೆ. ಹಾಗಾಗಿ ಆಗ ಥಿಯೇಟರಿನಲ್ಲಿ ನೋಡಿದವರು ಕಡಿಮೆ, ಆಮೇಲೆ ಟೀವಿಯಲ್ಲಿ ನೋಡಿದವರೇ ಹೆಚ್ಚು. ಹಿಂದಿಯಲ್ಲಿ ರಾಮನಿಗೆ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ ದನಿ ಕೊಟ್ಟಿದ್ದರು.

ಜಟಾಯು ರೆಕ್ಕೆ ಕಳೆದುಕೊಂಡು ಬಿದ್ದಾಗ ಅವಳು ಏನೂ ಕೇಳಲಿಲ್ಲ. ಏಳುವುದಿಲ್ಲವೆಂದು ಈಗ ಗೊತ್ತು. ಹನುಮಂತ ಬೆಟ್ಟ ಹೊತ್ತು ತಂದು ಲಕ್ಷ್ಮಣ ಎದ್ದಾಗ ಮಾತ್ರ ನನ್ನ ಕಡೆ ತಿರುಗಿ, 'ಸತ್ತೋರು ಏಳಲ್ಲ ಅಂದಿದ್ದೆ!' ಎಂದು ಜಗಳಕ್ಕೆ ಬಂದಳು. 'ಅವರು ಸತ್ತಿರಲಿಲ್ಲ ಕಣೆ, ಮೂರ್ಛೆ' ಎಂದು ಬೆನ್ಶಿ ಕೆಲಸಕ್ಕೆ ಮರಳಿದೆ.

ಕನ್ನಡಕ್ಕೆ ಡಬ್ಬಿಂಗ್ ಬರದಂತೆ ಚಿತ್ರೋದ್ಯಮ ದಶಕಗಟ್ಟಲೆ ಬಾಗಿಲು ಹಾಕಿಕೊಂಡಿತ್ತು. ಗ್ರಾಹಕರ ದೂರಿನ ಮೇಲೆ 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪೆಂದು ದಂಡ ಹಾಕಿತು. ಬಾಗಿಲು ಈಗ ತೆರೆದಿದೆ, ಸ್ಟಾರ್‌ಗಳ ಚಿತ್ರಗಳು ಡಬ್ ಆಗಿ ಬರುತ್ತಲೂ ಇವೆ. ಸಾಕೊ ಅವರ ರಾಮಾಯಣ ಹೊಸ ಹೊಳಪಿನಲ್ಲಿ 2025ರ ಜನವರಿ 24ರಂದು ದೇಶದ ಥಿಯೇಟರುಗಳಿಗೆ ಬಂತು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕಿಷ್ಕಿಂಧೆ ನಮ್ಮದು, ಅಂಜನಾದ್ರಿ ನಮ್ಮದು ಎನ್ನುವ ನಾಡಿನ ಭಾಷೆ ಅದರಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲಿ ಆಂಜನೇಯನ ಮಾತನ್ನು ಕನ್ನಡದಲ್ಲಿ ಆಡಿದ್ದು ನಾನೇ, ಶೀತದ ಗಂಟಲಿನಲ್ಲಿ.